ಇಬ್ಬರೂ ಬಂದರೆ ಮಾತ್ರ

ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಲಿಫ್ಟ್ ರಿಪೇರಿ ಅವನ ಕೆಲಸ. ಲಿಫ್ಟ್ ಕೆಟ್ಟ ಕಟ್ಟಡದವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಆಯ್ತಪ್ಪ ಎಂದೇ. ಫೋನು ಕಿವಿಗೆ ಹಿಡಿದು, ಆ ಕಡೆಯವರು ಏನು ಹೇಳುತ್ತಿದ್ದಾರೆಂದು ಪೂರ್ತಿ ಕೇಳುವ ಮೊದಲೇ "ಆಯ್ತಪ್ಪಾ, ಬಂದೆ" ಎನ್ನುವ ಪ್ರಾಣಿ ಅದು. ರಜೆಯ ದಿನ ಕರೆದರೂ ಆಯ್ತಪ್ಪಾ, ತಟ್ಟೆಯ ಮುಂದೆ ಕೂತಾಗ ಕರೆದರೂ ಆಯ್ತಪ್ಪಾ. ಹೋದ ಮೇಲೆ ಲಿಫ್ಟಿನ ಜೊತೆಗೆ ಅವರ ನಲ್ಲಿ, ಅವರ ಕಿಟಕಿ, ಅವರ ಅಜ್ಜನ ಗಾಲಿಕುರ್ಚಿ ಎಲ್ಲವನ್ನೂ ರಿಪೇರಿ ಮಾಡಿ, ಕೊಟ್ಟಷ್ಟು ಇಸಿದುಕೊಂಡು ಬರುತ್ತಿದ್ದ. ಇಲ್ಲ ಎನ್ನುವ ಎರಡಕ್ಷರ ಐವತ್ತಾರು ವರ್ಷವಾದರೂ ಅವನ ನಾಲಿಗೆಗೆ ಹತ್ತಿರಲಿಲ್ಲ.

ಅವನ ಹೆಂಡತಿ ಇದಕ್ಕೆ ತದ್ವಿರುದ್ಧ. ಪಾರ್ಸೆಲ್ ಕಚೇರಿಯ ತೂಕದ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ಕೂತವಳು. ಪೆಟ್ಟಿಗೆಯನ್ನು ಬಲಗೈಯಲ್ಲಿ ಎತ್ತಿ, ಒಂದು ಸಲ ಮೇಲೆ ಕೆಳಗೆ ಆಡಿಸಿ "ಏಳುನೂರ ನಲವತ್ತು" ಎಂದಳೆಂದರೆ ಯಂತ್ರವೂ ಏಳುನೂರ ನಲವತ್ತೇ ತೋರಿಸಬೇಕು. ತೋರಿಸದಿದ್ದರೆ ಕಚೇರಿಯವರು ಯಂತ್ರದ ರಿಪೇರಿಗೆ ಬರೆಯುತ್ತಿದ್ದರು. ಅಲ್ಲಿ ಅವಳ ಹೆಸರು ತಕ್ಕಡಿ ಮೇಡಂ. ಮನೆಯಲ್ಲೂ ಅವಳು ತೂಗುವುದನ್ನು ಬಿಟ್ಟವಳಲ್ಲ. ಗಂಡನ ತಮ್ಮನನ್ನು ಮೊದಲ ಸಲ ನೋಡಿದ ದಿನವೇ ಹೇಳಿದ್ದಳು: "ನಿಮ್ಮ ತಮ್ಮ ನೋಡೋಕೆ ಹತ್ತು ಕೆ.ಜಿ. ಪಾರ್ಸೆಲ್ ರೀ. ಬಿಚ್ಚಿದ್ರೆ ಒಳಗೆ ಬರೀ ಹುಲ್ಲು."

ಆ ಹುಲ್ಲಿನ ಪಾರ್ಸೆಲ್ಲೇ ಒಂಬತ್ತು ವರ್ಷದ ಹಿಂದೆ ಬಣ್ಣಬಣ್ಣದ ಮೀನು ಮಾರುವ ಅಂಗಡಿ ಇಡುತ್ತೇನೆಂದು ಬಂದು ಅಣ್ಣನ ಮುಂದೆ ಕೂತ.

ಗಂಡಹೆಂಡಿರಿಗೆ ಮಕ್ಕಳಿರಲಿಲ್ಲ. ಮುಪ್ಪಿಗೆ ದಿಕ್ಕು ಎಂದರೆ ಕೂಡಿಟ್ಟ ಹಣವೊಂದೇ. ಮದುವೆಯಾದ ವರ್ಷದಿಂದಲೂ ಅವಳು ಇಬ್ಬರ ಸಂಬಳದಲ್ಲಿ ಹತ್ತರಲ್ಲೊಂದು ಪಾಲನ್ನು ತಿಂಗಳ ಮೊದಲ ದಿನವೇ ಬೇರೆ ಮಾಡಿ, ಒಬ್ಬ ಹಣಕಾಸು ಸಲಹೆಗಾರನ ಮೂಲಕ ಕಂತು ಕಟ್ಟುತ್ತಿದ್ದಳು. "ಹನಿ ಹನಿ ಕೂಡಿದ್ರೆ ಹಳ್ಳ ರೀ. ಆದ್ರೆ ಹಳ್ಳ ತುಂಬಿದ ತಕ್ಷಣ ಎಮ್ಮೆ ಬಂದು ಬೀಳುತ್ತೆ, ಅದನ್ನೂ ನೋಡ್ಕೋಬೇಕು" ಎನ್ನುತ್ತಿದ್ದಳು. ಎಮ್ಮೆ ಯಾರು ಎಂದು ಅವನು ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ.

"ಅಣ್ಣಾ, ಆರೇ ತಿಂಗಳು. ಹಾಕಿದ್ದು ಎರಡರಷ್ಟಾಗಿ ವಾಪಸ್. ಅತ್ತಿಗೆಗೆ ಗೊತ್ತಾಗೋದೇ ಬೇಡ" ಎಂದ ತಮ್ಮ.

"ಆಯ್ತಪ್ಪಾ" ಎಂದ ಅಣ್ಣ.

ಆಗ ಹಣ ತೆಗೆಯಲು ಒಬ್ಬರ ಸಹಿ ಸಾಕಿತ್ತು, ಕಾರಣ ಮಾತ್ರ ಹೇಳಬೇಕಿತ್ತು. ಆಯ್ತಪ್ಪ ಸಲಹೆಗಾರನ ಮುಂದೆ ಕೂತು, ಟೋಪಿಯನ್ನು ಕೈಯಲ್ಲಿ ಹಿಂಡುತ್ತ, "ಹೆಂಡ್ತಿಗೆ ತುಂಬಾ ಹುಷಾರಿಲ್ಲ ಸರ್, ಆಸ್ಪತ್ರೆಗೆ ಸೇರಿಸಿದ್ದೀನಿ" ಎಂದ. ಅವನ ಮುಖದಲ್ಲಿ ಸುಳ್ಳಿಗೆ ಜಾಗವೇ ಇರಲಿಲ್ಲವಾದ್ದರಿಂದ ಸಲಹೆಗಾರ ಮರುಮಾತಿಲ್ಲದೆ ನಂಬಿದ. ಮೀನುಗಳು ಎಂಟು ತಿಂಗಳು ಬದುಕಿದವು. ತೊಟ್ಟಿಗೆ ಗಾಳಿ ಬಿಡುವ ಯಂತ್ರದ ಕರೆಂಟ್ ಬಿಲ್ಲು ಕಟ್ಟದೆ ಒಂದು ವಾರ ಬಿಟ್ಟಿದ್ದರಿಂದ ಎಲ್ಲವೂ ಹೊಟ್ಟೆ ಮೇಲಾಗಿ ತೇಲಿದವು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅವಳಿಗೆ ಗೊತ್ತಾದದ್ದು ಸಲಹೆಗಾರ ಒಳ್ಳೆಯತನದಿಂದ ಫೋನು ಮಾಡಿ "ಹೇಗಿದ್ದೀರಿ ಮೇಡಂ, ಈಗ ಓಡಾಡ್ತಿದ್ದೀರಾ?" ಎಂದು ಕೇಳಿದಾಗ. ಅವಳು ಕೂಗಾಡಲಿಲ್ಲ, ಅಳಲಿಲ್ಲ. ಮರುದಿನ ಅರ್ಧ ದಿನ ರಜೆ ಹಾಕಿ, ಗಂಡನನ್ನು ಕರೆದುಕೊಂಡು ಆ ಕಚೇರಿಗೆ ಹೋದಳು. ಅವನ ನಲವತ್ತೇಳನೆಯ ವಯಸ್ಸಿಗೆ ಮತ್ತೆ ಸೊನ್ನೆಯಿಂದ ಶುರು. ಹದಿಮೂರು ವರ್ಷದ ಹೊಸ ಯೋಜನೆ. ಅರವತ್ತು ತುಂಬಿದ ಮೇಲೆ ತಿಂಗಳು ತಿಂಗಳು ಹಣ ಬರುತ್ತದೆ. ನಡುವೆ ಮುರಿಯಬೇಕಾದರೆ, ಅಥವಾ ಅದರ ಮೇಲೆ ಸಾಲ ಬೇಕಾದರೆ, ಇಬ್ಬರೂ ಸಲಹೆಗಾರನ ಎದುರು ಕೂತು ಒಪ್ಪಬೇಕು. ಇಷ್ಟು ಸಾಲದೆಂದು ಅವಳು ಕೈಯಾರೆ ಒಂದು ಪತ್ರ ಬರೆದು ಫೈಲಿಗೆ ಸೇರಿಸಿದಳು. "ನನ್ನ ಗಂಡ ಒಬ್ಬರೇ ಬಂದು ನನಗೆ ಹುಷಾರಿಲ್ಲ ಎಂದರೆ ನಂಬಬೇಡಿ. ಅತ್ತರೂ ನಂಬಬೇಡಿ. ಇಬ್ಬರೂ ಬಂದರೆ ಮಾತ್ರ." ಪತ್ರವನ್ನು ಅವನ ಮುಂದೆ ಸರಿಸಿ ಕೆಳಗೆ ಬೆರಳಿಟ್ಟು ತೋರಿಸಿದಳು. ಅವನು "ಒಪ್ಪಿಗೆ ಇದೆ" ಎಂದು ಬರೆದು ಸಹಿ ಹಾಕಿದ. ಮಾಡಿದ್ದುಣ್ಣೋ ಮಹಾರಾಯ.

ಅಂದಿನಿಂದ ಆ ನೀಲಿ ಫೈಲು ಬೀರುವಿನ ಮೇಲೆ ಕೂತಿತು. ವರ್ಷಕ್ಕೊಮ್ಮೆ ಲೆಕ್ಕದ ಕಾಗದ ಬರುತ್ತಿತ್ತು, ಅವಳು ಓದಿ ಒಳಗಿಡುತ್ತಿದ್ದಳು. ಅವನು ಅದನ್ನು ಒಂದು ಸಲವೂ ಬಿಚ್ಚಿ ನೋಡಲಿಲ್ಲ. ಅದು ತನ್ನ ತಪ್ಪಿಗೆ ಹಾಕಿದ ಬೀಗ ಎಂದೇ ಅವನು ತಿಳಿದಿದ್ದ. ಧೂಳು ಹೊಡೆಯುವಾಗ ಕೂಡ ಅದರ ಕಡೆ ಮುಖ ತಿರುಗಿಸದೆ ಬಟ್ಟೆ ಬೀಸುತ್ತಿದ್ದ.

ಒಂಬತ್ತು ವರ್ಷ ಹೀಗೆ ಕಳೆಯಿತು. ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಕೌಂಟರಿನ ಮುಂದೆ ಸಾಲು ನಿಂತಿರುವಾಗ, ತಕ್ಕಡಿ ಮೇಡಂ ಒಂದು ಸಣ್ಣ ಪೆಟ್ಟಿಗೆಯನ್ನು ಎತ್ತಿ ಆಡಿಸಿದಳು. ಏನೂ ಹೇಳಲಿಲ್ಲ. ಮತ್ತೊಮ್ಮೆ ಆಡಿಸಿದಳು. ಪೆಟ್ಟಿಗೆ ಕೈಯಿಂದ ಜಾರಿ ಬಿತ್ತು, ಅದರ ಹಿಂದೆಯೇ ಅವಳೂ.

ಲಕ್ವ ಬಲಭಾಗಕ್ಕೆ ಹೊಡೆದಿತ್ತು. ಕೈ ಹೋಯಿತು, ಕಾಲು ಅರ್ಧ ಹೋಯಿತು, ಮಾತು ಪೂರ್ತಿ ಹೋಯಿತು. ಬುದ್ಧಿ ಮಾತ್ರ ಮೊದಲಿನ ಹಾಗೇ ಉಳಿಯಿತು. ಅದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಹೇಳುವುದು ಕಷ್ಟ. ಹನ್ನೊಂದನೆಯ ದಿನ ಮನೆಗೆ ಕಳಿಸುವಾಗ ವೈದ್ಯೆ ಅವನನ್ನು ಪಕ್ಕಕ್ಕೆ ಕರೆದು ಹೇಳಿದಳು:

"ನೋಡಿ, ಮೊದಲ ಮೂರು ತಿಂಗಳೇ ಮುಖ್ಯ. ಲಕ್ವ ಹೊಡೆದವರಿಗೇ ಅಂತ ಇರೋ ತರಬೇತಿ ಕೇಂದ್ರದಲ್ಲಿ ಎಂಟು ವಾರ ಇಟ್ಟು ದಿನಾ ಅಭ್ಯಾಸ ಮಾಡಿಸಿದ್ರೆ ಮಾತು ಬರಬಹುದು, ಕೈಯೂ ಬರಬಹುದು. ಬಿಟ್ರೆ ಹೀಗೇ ಗಟ್ಟಿಯಾಗಿಬಿಡುತ್ತೆ."

"ವಿಮೆ ಇದೆ ಮೇಡಂ. ಎಲ್ಲಾ ಅವಳೇ ಮಾಡಿಸಿಟ್ಟಿದ್ದಾಳೆ."

"ವಿಮೆ ಆಸ್ಪತ್ರೆ ಹಾಸಿಗೆಗೆ ಮಾತ್ರ. ಇದಕ್ಕೆ ಬರಲ್ಲ."

ತರಬೇತಿ ಕೇಂದ್ರದವರು ಹೇಳಿದ ಮೊತ್ತ ಅವನ ಒಂದೂವರೆ ವರ್ಷದ ಸಂಬಳ. ಅವನು ತಲೆಯಾಡಿಸಿ, "ಆಯ್ತು" ಎಂದು ಬಂದ. ಮೊದಲು ತಮ್ಮನನ್ನು ಕೇಳಿದ. ತಮ್ಮ ಒಂದು ಪೊಟ್ಟಣ ದ್ರಾಕ್ಷಿ ಹಿಡಿದು ಬಂದು, ಅತ್ತಿಗೆಯ ಮಂಚದ ಬಳಿ ಕೂತು, ಮೂರು ಮಹಡಿಗೂ ಕೇಳುವ ಹಾಗೆ ಅತ್ತು, "ಅಣ್ಣಾ, ಈ ತಿಂಗಳೊಂದು ಸ್ವಲ್ಪ ಬಿಗಿ" ಎಂದು ಎದ್ದ. ಹೋಗುವ ಮೊದಲು ದ್ರಾಕ್ಷಿಯಲ್ಲಿ ಅರ್ಧ ತಿಂದಿದ್ದ.

ಉಳಿದದ್ದು ನೀಲಿ ಫೈಲು. ಆಯ್ತಪ್ಪ ಕುರ್ಚಿ ಹತ್ತಿ ಅದನ್ನು ಇಳಿಸಿ, ಬಿಚ್ಚದೆಯೇ ಕಂಕುಳಲ್ಲಿಟ್ಟುಕೊಂಡು ಸಲಹೆಗಾರನ ಕಚೇರಿಗೆ ಹೋದ. ಅದೇ ಕುರ್ಚಿ, ಅದೇ ಗಾಜಿನ ಮೇಜು, ಗೋಡೆಯ ಮೇಲೆ ನಗುತ್ತ ಸಮುದ್ರ ನೋಡುವ ಅದೇ ಮುದಿ ದಂಪತಿಯ ಚಿತ್ರ. ಸಲಹೆಗಾರನ ಕೂದಲು ಮಾತ್ರ ಕಡಿಮೆಯಾಗಿತ್ತು.

"ಹೆಂಡ್ತಿಗೆ ತುಂಬಾ ಹುಷಾರಿಲ್ಲ ಸರ್" ಎಂದ ಆಯ್ತಪ್ಪ.

ಸಲಹೆಗಾರ ಪೆನ್ನು ಕೆಳಗಿಟ್ಟ. "ಸರ್, ಹೋದ ಸಲಾನೂ ಇದೇ ಕುರ್ಚೀಲಿ ಕೂತು ಇದೇ ಮಾತು ಹೇಳಿದ್ರಿ."

"ಆಗ ಸುಳ್ಳು ಹೇಳಿದ್ದೆ. ಈಗ ನಿಜ."

"ಆಗಲೂ ನಿಜ ಅಂತಾನೇ ಹೇಳಿದ್ರಲ್ಲ."

ಹುಲಿ ಬಂತು ಹುಲಿ ಎಂದು ಒಮ್ಮೆ ಕೂಗಿದವನ ಪಾಡು ಇದು. ಆಯ್ತಪ್ಪ ಆಸ್ಪತ್ರೆಯ ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದ. ಹರಡುವಾಗ ಅಳು ಬಂತು. ಅಳುತ್ತಿದ್ದಂತೆ, ಅತ್ತರೂ ನಂಬಬೇಡಿ ಎಂಬ ಸಾಲು ನೆನಪಾಗಿ ಅಳುವುದಕ್ಕೂ ಹೆದರಿ ಮೂಗು ಒರೆಸಿಕೊಂಡ. ಸಲಹೆಗಾರ ಕೆಟ್ಟವನಲ್ಲ. ಕಾಗದಗಳನ್ನೆಲ್ಲ ಓದಿದ ಮೇಲೆ ಅವನ ಮುಖ ಇಳಿಯಿತು. ಎದ್ದು ನೀರು ತಂದುಕೊಟ್ಟ.

"ಕ್ಷಮಿಸಿ ಸರ್. ಆದ್ರೂ ಮೇಡಂ ಒಪ್ಪಿಗೆ ಇಲ್ದೆ ನಾನು ಮುಟ್ಟೋ ಹಾಗಿಲ್ಲ. ಅವರಿಗೆ ಅರ್ಥ ಆಗುತ್ತಾ?"

"ನಿಮಗಿಂತ, ನನಗಿಂತ ಚೆನ್ನಾಗಿ ಆಗುತ್ತೆ."

"ಹಾಗಾದ್ರೆ ಶುಕ್ರವಾರ ನಾನೇ ಮನೆಗೆ ಬರ್ತೀನಿ. ಅವರ ಮುಂದೆ ಎಲ್ಲಾ ಓದ್ತೀನಿ. ಒಪ್ಪಿದ್ರೆ ಎಡಗೈ ಹೆಬ್ಬೆಟ್ಟು ಸಾಕು. ಆದ್ರೆ ನೀವು ಅವರ ಕೈ ಹಿಡ್ಕೊಂಡು ಒತ್ತಿಸ್ಬಾರ್ದು."

ಒಪ್ಪುವುದೊಂದು ದೊಡ್ಡ ಮಾತೇ ಎಂದುಕೊಂಡು ಆಯ್ತಪ್ಪ ಅಂದು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ತರಬೇತಿ ಕೇಂದ್ರಕ್ಕೆ ಫೋನು ಮಾಡಿ ಸೋಮವಾರಕ್ಕೆ ಹಾಸಿಗೆ ಕಾದಿರಿಸಿಯೂಬಿಟ್ಟ. ಅವಳ ಎರಡು ಜೊತೆ ಬಟ್ಟೆ, ಬಾಚಣಿಗೆ, ಚಪ್ಪಲಿ ಚೀಲಕ್ಕೆ ತುಂಬಿ ಬಾಗಿಲ ಹಿಂದೆ ಇಟ್ಟ. ಅವಳು ಮಂಚದಿಂದ ಎಲ್ಲವನ್ನೂ ನೋಡುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಸಲಹೆಗಾರ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದ.

"ಲಿಫ್ಟ್ ಇಲ್ವಾ ಸರ್ ಇಲ್ಲಿ?"

"ಎಲ್ಲರೂ ಇದನ್ನೇ ಕೇಳಿ ನಗ್ತಾರೆ, ಬನ್ನಿ."

ಸಲಹೆಗಾರ ಮಂಚದ ಪಕ್ಕ ಕೂತು ಅವಳ ಎಡಗೈಯ ಕೆಳಗೆ ತನ್ನ ಅಂಗೈ ಇಟ್ಟ. "ಮೇಡಂ, ಹೌದು ಅಂದ್ರೆ ನನ್ನ ಕೈ ಒತ್ತಿ. ಇಲ್ಲ ಅಂದ್ರೆ ಕೈ ಹಿಂದಕ್ಕೆ ತಗೊಳ್ಳಿ. ಇವತ್ತು ಭಾನುವಾರ." ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ಇವತ್ತು ಶುಕ್ರವಾರ." ಒತ್ತಿದಳು. "ನಿಮ್ಮ ಯೋಜನೆ ಮುಗಿಯೋಕೆ ಇನ್ನು ಆರು ವರ್ಷ." ಕೈ ಹಿಂದಕ್ಕೆ ಹೋಯಿತು. "ನಾಲ್ಕು ವರ್ಷ." ಒತ್ತಿದಳು, ಅದೂ ಇಷ್ಟು ಸುಲಭದ್ದನ್ನೇ ಕೇಳುತ್ತೀಯಲ್ಲ ಎನ್ನುವ ಹಾಗೆ. ಆಯ್ತಪ್ಪನಿಗೆ ಹೆಮ್ಮೆಯಾಯಿತು.

ಸಲಹೆಗಾರ ನಿಧಾನವಾಗಿ ಎಲ್ಲವನ್ನೂ ಹೇಳಿದ. ಸಾಲ ತೆಗೆದರೆ ಬೇಕಾದಷ್ಟು ಸಿಗುವುದಿಲ್ಲ. ಈಗ ಮುರಿದರೆ ಮೂರರಲ್ಲೊಂದು ಪಾಲು ದಂಡವಾಗಿ ಹೋಗುತ್ತದೆ. ಉಳಿದದ್ದು ತರಬೇತಿ ಕೇಂದ್ರದ ಖರ್ಚಿಗೆ ಸರಿಹೋಗುತ್ತದೆ. ಅರವತ್ತರ ನಂತರ ಬರಬೇಕಾದ ತಿಂಗಳ ಹಣ ಇರುವುದಿಲ್ಲ. ಇಷ್ಟು ಹೇಳಿ ಕೇಳಿದ: "ಮುರೀಬೇಕಾ ಮೇಡಂ?"

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಅವಳಿಗೆ ಸರಿಯಾಗಿ ಕೇಳಿಸಿಲ್ಲ" ಎಂದ ಆಯ್ತಪ್ಪ.

ಸಲಹೆಗಾರ ಮತ್ತೆ ಮೊದಲಿನಿಂದ ಹೇಳಿದ, ಮತ್ತೆ ಕೇಳಿದ. ಅವಳು ಮತ್ತೆ ಕೈ ತೆಗೆದುಕೊಂಡಳು. ಮೂರನೆಯ ಸಲ ಆಯ್ತಪ್ಪನೇ ಮಂಚದ ಬಳಿ ಮಂಡಿಯೂರಿ ಕೂತ. "ಏನೇ ಇದು? ಇದು ಮೀನಿನ ಅಂಗಡಿಗಲ್ಲ. ನಿನ್ನ ಮಾತಿಗೆ. ನಿನ್ನ ಕೈಗೆ. ಮಾತು ಬಂದ ಮೇಲೆ ಬೇಕಾದಷ್ಟು ಬೈಯುವಂತೆ. ಒತ್ತು." ಅವಳು ಗಂಡನ ಮುಖವನ್ನೇ ನೋಡುತ್ತ ಕೈಯನ್ನು ಹೊದಿಕೆಯ ಒಳಗೆ ಎಳೆದುಕೊಂಡಳು.

"ನನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ ಸರ್ ಇವಳಿಗೆ" ಎಂದು ಆಯ್ತಪ್ಪ ಸಲಹೆಗಾರನ ಕಡೆ ತಿರುಗಿದ. "ಒಂಬತ್ತು ವರ್ಷ ಆಯ್ತು. ನನ್ನ ಶಿಕ್ಷೆಗೆ ಅಂತ ಹಾಕಿದ ಬೀಗ ಇದು. ಈಗ ನೋಡಿ, ಯಾರ ಕುತ್ತಿಗೆಗೆ ಬಂತು."

ಸಲಹೆಗಾರ ತಬ್ಬಿಬ್ಬಾದ. "ಸರ್, ನೀವು ಈ ಫೈಲು ಓದೇ ಇಲ್ವಾ?"

ಅವನು ಓದಿರಲಿಲ್ಲ. ಸಲಹೆಗಾರ ಫೈಲು ಬಿಚ್ಚಿ ಅರ್ಜಿಯ ಎರಡನೆಯ ಹಾಳೆ ತೆಗೆದ. ಉಳಿತಾಯದ ಉದ್ದೇಶ ಎಂಬ ಅಂಕಣದಲ್ಲಿ ಜನ ಸಾಮಾನ್ಯವಾಗಿ ನಿವೃತ್ತಿ ಎಂದು ಒಂದು ಪದ ಬರೆಯುತ್ತಾರೆ. ಅವಳು ಅಂಕಣ ಸಾಲದೆ ಅಂಚಿನವರೆಗೂ ಬರೆದಿದ್ದಳು, ಪಾರ್ಸೆಲ್ಲಿನ ಮೇಲೆ ವಿಳಾಸ ಬರೆಯುವ ಅದೇ ದುಂಡು ಅಕ್ಷರದಲ್ಲಿ. ಸಲಹೆಗಾರ ಓದಿದ:

"ನಮ್ಮ ತಾಯಿ ಐವತ್ತೆಂಟಕ್ಕೆ ಹೋದರು, ಅಕ್ಕ ಐವತ್ತೈದಕ್ಕೆ. ನನ್ನ ಲೆಕ್ಕವೂ ಅಷ್ಟೇ ಇರಬೇಕು. ಇವರ ಮನೆಯವರೆಲ್ಲ ಗಟ್ಟಿ, ತೊಂಬತ್ತು ಮುಟ್ಟುತ್ತಾರೆ. ನನ್ನ ನಂತರ ಇವರು ಒಬ್ಬರೇ. ಒಟ್ಟಿಗೆ ಕೈಗೆ ಕೊಟ್ಟರೆ ಎಂಟೇ ದಿನದಲ್ಲಿ ಊರಿಗೆಲ್ಲ ಹಂಚಿ ಕೂರುತ್ತಾರೆ. ಆದ್ದರಿಂದ ತಿಂಗಳು ತಿಂಗಳು, ಇವರು ಇರುವವರೆಗೂ. ಇವರು ಯಾರ ಮನೆ ಬಾಗಿಲಲ್ಲೂ ನಿಲ್ಲಬಾರದು."

ಕೆಳಗಿನ ಬೀದಿಯಲ್ಲಿ ಯಾರೋ ಹಳೆಯ ಪೇಪರಿಗೆ ಕೂಗುತ್ತ ಹೋದರು. ಒಂಬತ್ತು ವರ್ಷ ಆಯ್ತಪ್ಪ ಬೀಗ ಎಂದುಕೊಂಡು ಮುಖ ತಿರುಗಿಸಿದ್ದ ಫೈಲಿನೊಳಗೆ ಇದ್ದವನು ಅವನೇ. ಅವಳು ಅದರಲ್ಲಿ ಎಲ್ಲೂ ಇರಲಿಲ್ಲ.

"ಇಲ್ಲ" ಎಂದ ಅವನು. "ಇಲ್ಲ. ಆಗಲ್ಲ. ನಾನು ಒಪ್ಪಲ್ಲ. ನಂಗೆ ಬೇಡ ಈ ದುಡ್ಡು. ನಾನು ಯಾರ ಬಾಗಿಲಲ್ಲಾದ್ರೂ ನಿಲ್ತೀನಿ, ನಿನಗೇನು? ಸರ್, ಬರ್ಕೊಳ್ಳಿ, ನಾನು ಇಲ್ಲ ಅಂದೆ."

ಹುಟ್ಟಿದಾಗಿನಿಂದ ಬಾರದಿದ್ದ ಮಾತು ಕೊನೆಗೂ ಬಂದಿತ್ತು. ತಮ್ಮನ ಮುಂದೆ ಬರಬೇಕಿದ್ದದ್ದು, ಒಂಬತ್ತು ವರ್ಷ ತಡವಾಗಿ, ಅದು ನಡೆಯದ ಜಾಗದಲ್ಲಿ ಬಂತು.

"ಕೋರ್ಟಿಗೆ ಹೋಗ್ಬಹುದು ಸರ್" ಎಂದ ಸಲಹೆಗಾರ ನೆಲ ನೋಡುತ್ತ. "ಆದ್ರೆ ಏಳೆಂಟು ತಿಂಗಳು ಹಿಡಿಯುತ್ತೆ. ಕೊನೆಗೆ ನ್ಯಾಯಾಧೀಶರೂ ಇವರನ್ನೇ ಕೇಳ್ತಾರೆ. ಇವರಿಗೆ ಬುದ್ಧಿ ಸರಿಯಾಗಿದೆಯಲ್ಲ."

ಆಗ ಅವಳ ಎಡಗೈ ಹೊದಿಕೆಯಿಂದ ಹೊರಬಂತು. ಸಲಹೆಗಾರನ ತೊಡೆಯ ಮೇಲಿದ್ದ ಫೈಲನ್ನು ಬೇಕೆಂದು ಬೆರಳು ತೋರಿಸಿದಳು. ಅವನು ಕೊಟ್ಟ. ಅಭ್ಯಾಸವಿಲ್ಲದ ಆ ಕೈಯಲ್ಲಿ ಫೈಲನ್ನು ಎತ್ತಿ, ಒಂದು ಸಲ ಮೇಲೆ, ಒಂದು ಸಲ ಕೆಳಗೆ ಆಡಿಸಿದಳು, ಕೌಂಟರಿನಲ್ಲಿ ಮಾಡುತ್ತಿದ್ದ ಹಾಗೆಯೇ. ತೂಕ ಸರಿಯಿದೆ ಎನ್ನುವಂತೆ ಕಣ್ಣು ಮುಚ್ಚಿ ತೆರೆದು, ನೆಲದ ಮೇಲೆ ಕೂತಿದ್ದ ಗಂಡನ ಮಡಿಲಲ್ಲಿ ಇಟ್ಟಳು. ಮೇಲೆ ಎರಡು ಸಲ ತಟ್ಟಿದಳು. ಆಮೇಲೆ ಅವನ ಉತ್ತರಕ್ಕೆ ಕಾದಳು. ತನ್ನ ಗಂಡ ಏನು ಹೇಳುತ್ತಾನೆಂದು ಅವಳಿಗೆ ಮದುವೆಯಾದಂದಿನಿಂದ ಗೊತ್ತಿತ್ತು.

"ಆಯ್ತು" ಎಂದ ಅವನು.

ಯಾಕೆ ಹಾಗೆಂದ ಎಂದು ಕೇಳಬೇಡಿ. ಕೈ ಹಿಡಿದು ಹೆಬ್ಬೆಟ್ಟು ಒತ್ತಿಸುವ ಹಾಗಿರಲಿಲ್ಲ, ಹೊತ್ತುಕೊಂಡು ಹೋಗಿ ಎಲ್ಲೋ ಇಟ್ಟು ಬರುವುದಕ್ಕೆ ಅವಳು ಪಾರ್ಸೆಲ್ ಆಗಿರಲಿಲ್ಲ. ಸಲಹೆಗಾರ ಪೆನ್ನಿನ ಮುಚ್ಚಳ ಹಾಕಿ ಮೆಟ್ಟಿಲಿಳಿದ.

ಸೋಮವಾರ ತರಬೇತಿ ಕೇಂದ್ರದ ಹಾಸಿಗೆ ಬೇರೆ ಯಾರಿಗೋ ಹೋಯಿತು. ಆಯ್ತಪ್ಪ ಬಾಗಿಲ ಹಿಂದಿನ ಚೀಲ ಬಿಚ್ಚಿ ಬಟ್ಟೆಗಳನ್ನು ಮತ್ತೆ ಬೀರುವಿಗೆ ಜೋಡಿಸಿದ. ಆಮೇಲೆ ತಾನೇ ಮೇಷ್ಟರಾದ. ವಾರಕ್ಕೊಂದು ದಿನ ಫಿಸಿಯೋ ಹುಡುಗಿ ಬಂದು ತೋರಿಸಿದ್ದನ್ನು ಉಳಿದ ಆರು ದಿನ ಬೆಳಿಗ್ಗೆ ಒಂದು ಗಂಟೆ, ಕೆಲಸದಿಂದ ಬಂದ ಮೇಲೆ ಒಂದು ಗಂಟೆ ಮಾಡಿಸಿದ. ಅರ್ಧ ಕೆ.ಜಿ. ಉಪ್ಪಿನ ಪೊಟ್ಟಣ, ಸಕ್ಕರೆ ಡಬ್ಬಿ, ಲಿಫ್ಟಿನ ಬೋಲ್ಟು, ಏನು ಸಿಕ್ಕರೆ ಅದನ್ನು ಅವಳ ಬಲ ಅಂಗೈಯಲ್ಲಿ ಇಟ್ಟು "ಎಷ್ಟು? ಹೇಳು, ಎಷ್ಟು?" ಎಂದು ಕೇಳುತ್ತಿದ್ದ. ಉಪ್ಪು ಬಿತ್ತು. ಸಕ್ಕರೆ ಬಿತ್ತು. ಬೋಲ್ಟು ಉರುಳಿಕೊಂಡು ಮಂಚದ ಕೆಳಗೆ ಹೋಯಿತು. ಅವನು ಬಗ್ಗಿ ಹೆಕ್ಕಿ, "ಆಯ್ತು, ಇನ್ನೊಂದ್ಸಲ" ಎನ್ನುತ್ತಿದ್ದ. ಅವಳು ಮಗ್ಗಿ ಹೇಳಲಾರದ ಮಗುವಿನ ಹಾಗೆ ತುಟಿ ಒತ್ತಿ ಪ್ರಯತ್ನಿಸುತ್ತಿದ್ದಳು. ಗಂಟಲಿನಿಂದ ಗಾಳಿ ಬರುತ್ತಿತ್ತು, ಅಂಕಿ ಬರುತ್ತಿರಲಿಲ್ಲ.

ವೈದ್ಯೆ ಹೇಳಿದ ಮೂರು ತಿಂಗಳು ಒಂದು ಬುಧವಾರ ಮುಗಿಯಿತು. ಆ ದಿನ ಬೇರೆ ಏನೂ ನಡೆಯಲಿಲ್ಲ. ಅವನು ಕ್ಯಾಲೆಂಡರಿನ ಮುಂದೆ ಸ್ವಲ್ಪ ಹೊತ್ತು ನಿಂತು, ಕೆಲಸಕ್ಕೆ ಹೋದ.

ಮರುವಾರ ವರ್ಷದ ಲೆಕ್ಕದ ಕಾಗದ ಬಂತು. ಈ ಸಲ ಅವನೇ ಬಿಚ್ಚಿದ. ಹಣ ಚೆನ್ನಾಗಿ ಬೆಳೆದಿತ್ತು. ಅವಳು ಅಂದಾಜು ಮಾಡಿದ್ದಕ್ಕಿಂತಲೂ ಸ್ವಲ್ಪ ಹೆಚ್ಚೇ. ಕೆಳಗೆ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿದ್ದರು: ಅಭಿನಂದನೆಗಳು, ನಿಮ್ಮ ಮುಂದಿನ ದಿನಗಳು ಸುರಕ್ಷಿತವಾಗಿವೆ. ಅವನು ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿದ. ಕೇಳಿದಾಗ ಅವಳ ಮುಖದ ಎಡಭಾಗ ಅರಳಿತು. ಮೂರು ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು. ಅವನಿಗೆ ಆ ಕಾಗದವನ್ನು ಹರಿದು ಬಿಸಾಡುವಷ್ಟು ಸಿಟ್ಟು ಬಂತು, ಆ ನಗು ನೋಡಿ ಹರಿಯಲಾಗಲಿಲ್ಲ.

ಅವಳು ಎಡಗೈಯಿಂದ ತನ್ನ ಬಲಗೈಯನ್ನು ಎಳೆದು ಹೊದಿಕೆಯ ಮೇಲಿಟ್ಟು, ಅಂಗೈ ಬಿಡಿಸಿ, ಅವನ ಕಡೆ ನೋಡಿದಳು. ಪಾಠದ ಹೊತ್ತಾಗಿತ್ತು. ಉಪ್ಪಿನ ಪೊಟ್ಟಣ ಅಡುಗೆಮನೆಯಲ್ಲಿತ್ತು. ಅದನ್ನು ತರಲು ಅವನು ಏಳಲಿಲ್ಲ. ಕೈಯಲ್ಲಿದ್ದ ಕಾಗದವನ್ನೇ ಮಡಿಸಿ ಅವಳ ಅಂಗೈಯಲ್ಲಿಟ್ಟ.

"ಎಷ್ಟು?" ಎಂದು ಕೇಳಿದ.

ಆ ಕೈಯಿಂದ ಬೀಳದೆ ನಿಂತದ್ದು ಅದೊಂದೇ.